ಕರಿಯಕ್ಕನ ಎಂಟನೆಯ ದಿನ

ಭಂಡಿಗಡಿಯ ಕರಿಯಕ್ಕನಿಗೆ ಸಿಟ್ಟು ಬಂದ ದಿನ ಶೃಂಗೇರಿಯ ಹೊಳೆಯಲ್ಲಿ ಮೀನುಗಳು ಭಕ್ತರು ಹಾಕಿದ ಮಂಡಕ್ಕಿ ಬಿಟ್ಟು ತಳ ಸೇರುತ್ತವೆ ಎಂದು ಹೇಳುವುದುಂಟು. ಹೇಳುವವನು ನಾನೊಬ್ಬನೇ ಇರಬಹುದು, ಆದರೆ ಇದುವರೆಗೆ ಯಾವ ಮೀನೂ ಬಂದು ಅಲ್ಲಗಳೆದಿಲ್ಲ. ಆಳು ನಾಲ್ಕೂವರೆ ಅಡಿ, ದನಿ ಮಾತ್ರ ಕೊಪ್ಪದ ತನಕ. ಒಮ್ಮೆ ಬಸರೀಕಟ್ಟೆ ಹತ್ತಿರ ಹೆಣ್ಣಾಳುಗಳನ್ನು ಅರ್ಧ ದಾರಿಯಲ್ಲಿ ಇಳಿಸಲು ಹೊರಟ ಜೀಪಿನವನಿಗೆ ಆಕೆ ಬೈದದ್ದಕ್ಕೆ ಡ್ರೈವರ್ ಹಾರಿ ತೋಟದೊಳಗೆ ಓಡಿದ, ಜೀಪು ತಾನೇ ಹಿಂದಕ್ಕೆ ಹೊರಟು ಮೂರು ತಿರುವು ದಾಟಿ ಸ್ಟ್ಯಾಂಡಿನಲ್ಲಿ ಬಂದು ನಿಂತಿತು.

ಕರಿಯಕ್ಕನ ಕಸುಬು ಭತ್ತದ ನಾಟಿ. ಆಕೆಯೂ ಸೇರಿ ಒಂಬತ್ತು ಹೆಂಗಸರ ತಂಡ, ಯಜಮಾನಿ ಆಕೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಗದ್ದೆಯವರು ಯುಗಾದಿ ಕಳೆಯುತ್ತಲೇ ಫೋನು ಮಾಡಿ ದಿನ ಕೇಳುತ್ತಿದ್ದರು. ಕಾಗದವಿಲ್ಲ, ಮುಂಗಡವಿಲ್ಲ, ಆಕೆ ಬಾಯಲ್ಲಿ ಹೇಳಿದ ದಿನವೇ ದಿನ. ಅಷ್ಟು ಬೇಡಿಕೆಗೆ ಕಾರಣ ಒಂದೇ ಮಾತು: ಕರಿಯಕ್ಕ ನೆಟ್ಟ ಸಸಿ ಸಾಯುವುದಿಲ್ಲ. ಬೇರೆಯವರು ನೆಟ್ಟ ಗದ್ದೆ ಹದಿನೈದು ದಿನಕ್ಕೆ ಹಲ್ಲುದುರಿದ ಬಾಯಿಯ ಹಾಗೆ ಅಲ್ಲಲ್ಲಿ ಖಾಲಿ ಕಾಣುತ್ತದೆ. ಕರಿಯಕ್ಕನ ಗದ್ದೆಯಲ್ಲಿ ಒಂದು ಸಂದಿಲ್ಲ. ಮೂವತ್ತು ವರ್ಷದಿಂದ ಆಕೆ ತಲೆಯೆತ್ತಿ ನಡೆದದ್ದು, ಜಮೀನಿನವರ ಮುಖಕ್ಕೇ ಬೈದು ದಕ್ಕಿಸಿಕೊಂಡದ್ದು, ಎಲ್ಲವೂ ಈ ಒಂದು ಮಾತಿನ ಬಲದಿಂದ.

ಸಸಿ ಎಲ್ಲರದೂ ಸಾಯುತ್ತದೆ. ಕರಿಯಕ್ಕನದೂ ಸಾಯುತ್ತಿತ್ತು. ನಾಟಿ ಮುಗಿಸಿ ಹೋಗುವಾಗ ಆಕೆ ಉಳಿದ ಸಸಿಯ ಕಟ್ಟುಗಳನ್ನು ಗದ್ದೆಯ ಮೂಲೆಯಲ್ಲಿ ಹುಲ್ಲು ಮುಚ್ಚಿ ನೀರಿನಲ್ಲಿಟ್ಟು ಹೋಗುವಳು. ಎಂಟನೆಯ ದಿನ ಬೆಳಕು ಹರಿಯುತ್ತಲೇ, ಡೇರಿಗೆ ಹಾಲು ಹೊರುವವರೂ ಏಳುವ ಮೊದಲು, ತಂಡ ಸದ್ದಿಲ್ಲದೆ ಗದ್ದೆಗಿಳಿದು ಸತ್ತ ಸಸಿಯ ಜಾಗಕ್ಕೆಲ್ಲ ಹೊಸದನ್ನು ನೆಟ್ಟು ಹೊರಟುಬಿಡುವುದು. ಅದಕ್ಕೆ ಕೂಲಿ ಕೇಳುವಂತಿಲ್ಲ. ಕೇಳಿದರೆ ಸಸಿ ಸತ್ತದ್ದನ್ನು ಒಪ್ಪಿಕೊಂಡ ಹಾಗೆ. ಎಂಟನೆಯ ದಿನದ ಸುದ್ದಿ ತಂಡದಾಚೆ ಹೋಗಕೂಡದು, ಗಂಡನಿಗೂ ಹೇಳಕೂಡದು. ಏಳನೆಯ ದಿನ ಗದ್ದೆ ಸುತ್ತಿ ಖಾಲಿ ಜಾಗ ಎಣಿಸಿ ಬಂದ ಜಮೀನಿನವನು ಒಂಬತ್ತನೆಯ ದಿನ ಹೋಗಿ ನೋಡಿದರೆ ಒಂದೂ ಇಲ್ಲ. ದೋಷ ತನ್ನ ಕಣ್ಣಿನದೇ ಇರಬೇಕೆಂದು ಆತ ಕೊಪ್ಪದ ಕನ್ನಡಕದಂಗಡಿಗೆ ಹೋಗುತ್ತಿದ್ದ. ಆ ಅಂಗಡಿ ಎರಡು ಮಹಡಿಯಾದದ್ದು ಕರಿಯಕ್ಕನಿಂದ.

ಹೀಗಿರುವಾಗ, ಹೋದ ವರ್ಷ ಮಳೆಗಾಲದ ಆರಂಭಕ್ಕೆ ವಿಜ್ಞಾನ ಬಂತು.

ದೂರದ ಒಂದು ವಿಶ್ವವಿದ್ಯಾಲಯದ ಸಂಶೋಧನೆ. ಒಂದೇ ವಿಷಯದವರು ಹೋಗಿ ಕೇಳಿದರೆ ಈಗ ಅನುದಾನ ಕೊಡುವುದಿಲ್ಲವಂತೆ. ಕಾರಿಡಾರಿನಲ್ಲಿ ಎದುರಾದರೆ ಮುಖ ತಿರುಗಿಸಿಕೊಳ್ಳುವ ಮೂರು ವಿಭಾಗಗಳು ಕೈ ಕೈ ಹಿಡಿದು ಹೋದರೆ ಕೊಡುತ್ತಾರಂತೆ. ಹಾಗಾಗಿ ಮೂವರು ಸೇರಿಕೊಂಡಿದ್ದರು. ಅವಿನಾಶ ಎಂಬವನದು ಪ್ಲಾಸ್ಮಾ. ಗಾಳಿಯನ್ನು ಕರೆಂಟಿನಿಂದ ಕೆರಳಿಸಿದರೆ ಅದು ಇತ್ತ ಗಾಳಿಯೂ ಅಲ್ಲದ ಅತ್ತ ಬೆಂಕಿಯೂ ಅಲ್ಲದ ಒಂದು ನೇರಳೆ ಬೆಳಕಾಗುತ್ತದೆ. ಟ್ಯೂಬ್‌ಲೈಟಿನ ಹೊಟ್ಟೆಯಲ್ಲಿ ಉರಿಯುವುದೂ ಅದೇ ಜಾತಿಯದು. ಇಡ್ಲಿ ಪಾತ್ರೆಯಷ್ಟು ದೊಡ್ಡ ಯಂತ್ರದಲ್ಲಿ ಬಿತ್ತನೆ ಭತ್ತಕ್ಕೆ ಮೂರು ನಿಮಿಷ ಆ ಬೆಳಕು ಕುಡಿಸಿದರೆ ಬೆಳೆ ಜೋರಾಗಿ ಬರುತ್ತದೆ ಎಂಬುದು ಅವನ ವಾದ. ಅನ್ನಪೂರ್ಣೇಶ್ವರಿಯದು ಗಣಿತ. ಯಾವ ತಾಕಿಗೆ, ಅಂದರೆ ಗದ್ದೆಯ ಯಾವ ತುಂಡಿಗೆ, ಯಾವ ಸಸಿ ಎಂದು ಚೀಟಿ ಎತ್ತಿದ ಹಾಗೆ ಪಟ್ಟಿ ಮಾಡಿ ಕಳಿಸುವುದು, ಆಮೇಲೆ ಬಂದ ಅಂಕಿಗಳನ್ನು ಜಾಲಾಡುವುದು ಅವಳ ಪಾಲು. ಗದ್ದೆಗೆ ಬರುವ ಅಗತ್ಯ ಅವಳಿಗೆ ಕಂಡಿರಲಿಲ್ಲ. ಮೂರನೆಯವನು ಶಾಂತವೀರಪ್ಪ. ಅವನದು ಫೊರೆನ್ಸಿಕ್ ಸೈಕಾಲಜಿ, ಅಂದರೆ ಪೊಲೀಸು ಕೋರ್ಟಿನವರಿಗೆ ಬೇಕಾದ ಮನಶ್ಶಾಸ್ತ್ರ. ಗದ್ದೆಯಲ್ಲಿ ಕೆಲಸ ಮಾಡಿದವರು ಹೀಗೆ ಮಾಡಿದೆವು ಎಂದು ಹೇಳಿದ್ದನ್ನು ಎಷ್ಟು ನಂಬಬಹುದು ಎಂಬುದರ ಮೇಲೆ ಅವನು ಪ್ರಬಂಧ ಬರೆಯುವವನಿದ್ದ.

ಗದ್ದೆ ಕೊಟ್ಟವನು ರಂಗಪ್ಪಗೌಡ. ಬಸ್ಸು ಓಡಾಡುವ ಮಾರ್ಗದ ಬದಿಗೇ ಅವನ ಗದ್ದೆ. ಅಲ್ಲೊಂದು ಬೋರ್ಡು ನಿಲ್ಲಿಸಿ ಅವನ ಫೋಟೋ ಹಾಕುತ್ತೇವೆ ಎಂದು ಅವಿನಾಶ ಹೇಳಿದ್ದೇ ರಂಗಪ್ಪ ಫೋಟೋಕ್ಕೆಂದು ಮೀಸೆ ಬಿಡಲು ಶುರುಮಾಡಿದ. ನಾಟಿ ದಿನಕ್ಕೆ ಆ ಮೀಸೆ ಗದ್ದೆಯ ಬದುವಿಗೆ ಮನುಷ್ಯನಿಗಿಂತ ಒಂದು ಗಳಿಗೆ ಮೊದಲೇ ಬಂದು ತಲುಪುತ್ತಿತ್ತು.

ಹನ್ನೆರಡು ತಾಕು. ಪ್ಲಾಸ್ಮಾ ಕುಡಿದ ಸಸಿಗೆ ಕೆಂಪು ಬಾವುಟ, ಕುಡಿಯದ್ದಕ್ಕೆ ಬಿಳಿ. ಕರಿಯಕ್ಕ ಸೀರೆ ಎತ್ತಿ ಕಟ್ಟಿ ಬದುವಿನ ಮೇಲೆ ನಿಂತು ಒಮ್ಮೆ ನೋಡಿದಳು. ಕೆಂಪು ಆರೂ ಮೇಲುಗಡೆಯ ಗಟ್ಟಿ ಗದ್ದೆಯಲ್ಲಿ, ಬಿಳಿ ಆರೂ ಕೆಳಗೆ ನೀರು ನಿಲ್ಲುವ ಜವಳಿನಲ್ಲಿ.

“ಗೌಡ್ರೆ, ಚೀಟಿ ಎತ್ತಿದ್ದು ಅಂದ್ರಲ್ಲ, ಬಿಳಿ ಎಲ್ಲಾ ಜವಳಿಗೇ ಬಿತ್ತಾ?” ಎಂದಳು.

“ನೀನು ನೆಡೋಕೆ ಬಂದದ್ದಾ, ವಿಚಾರಣೆ ಮಾಡೋಕೆ ಬಂದದ್ದಾ?” ಎಂದ ರಂಗಪ್ಪ. ಅವಿನಾಶ ಫೋನಿನಲ್ಲಿ ಏನೋ ಹುಡುಕತೊಡಗಿದ.

ಕರಿಯಕ್ಕ ಮೀಸೆಯ ಕಡೆ ನೋಡಿ ಉಗುಳಿ ಗದ್ದೆಗಿಳಿದಳು. ಸಸಿ ಬೆಳೆಸಿದ್ದ ಎರಡು ಅಗೆಮಡಿಗಳಿಂದ ಬೇರೆ ಬೇರೆ ಕಿತ್ತು, ಬೇರೆ ಬೇರೆ ಹೊತ್ತು, ಒಂದು ಎಳೆಯೂ ಅದಲುಬದಲಾಗದ ಹಾಗೆ ನೆಡಿಸಿದಳು. ಬುಡಕ್ಕೆ ಎರಡೇ ಎಳೆ ಎಂದು ಅವಿನಾಶ ಹೇಳಿದ್ದಕ್ಕೆ ಎರಡೇ ಎಳೆ. ಸಂಜೆಗೆ ಮುಗಿಯಿತು. ಮೂಲೆಯಲ್ಲಿ ಉಳಿದ ಕಟ್ಟುಗಳನ್ನು ಎಂದಿನಂತೆ ಹುಲ್ಲು ಮುಚ್ಚಿ ಇಟ್ಟಳು. ಬಿಳಿಯದು ಸರಿಯಾಗಿ ಲೆಕ್ಕಕ್ಕೆ ಬಂದು ತೀರಿತ್ತು; ಉಳಿದದ್ದೆಲ್ಲ ಕೆಂಪಿನದು.

ನಾಲ್ಕನೆಯ ದಿನದಿಂದ ಮಳೆ ಹಿಡಿಯಿತು. ಹನಿ ಎಷ್ಟು ದಪ್ಪವೆಂದರೆ ರಂಗಪ್ಪನ ಮನೆಯ ನಾಯಿ ಎರಡು ಹನಿಗಳ ನಡುವೆ ನಿಂತು ಒಣಗಿಕೊಂಡೇ ಇತ್ತು. ಜವಳಿನಲ್ಲಿ ನೀರು ನಿಂತು ಬಿಳಿ ತಾಕುಗಳ ಸಸಿ ಅಲ್ಲಲ್ಲಿ ಕೊಳೆಯಿತು. ಎಂಟನೆಯ ದಿನ ಬೆಳಕು ಹರಿಯುವಾಗ ತಂಡ ಬಂದು ನೋಡಿದರೆ ಮಾರ್ಗದಿಂದ ಕಾಣುವ ಹಾಗೆ ಖಾಲಿ. ಬಸ್ಸಿನ ಕಿಟಕಿಯಲ್ಲಿ ಕೂತವರೆಲ್ಲ ಇದು ಕರಿಯಕ್ಕ ನೆಟ್ಟದ್ದು ಎಂದು ನೋಡುತ್ತಾರೆ. ಆಕೆಗೆ ಬಾವುಟದ ನೆನಪು ಇರಲಿಲ್ಲವೆಂದಲ್ಲ. ನಾಟಿ ಎಂದರೆ ನಾಟಿ ದಿನದ್ದು, ಅವರು ಹೇಳಿದ ಹಾಗೆ ಮಾಡಿ ಕೊಟ್ಟಾಯಿತು. ಸತ್ತದ್ದನ್ನು ತುಂಬುವುದು ತನ್ನ ಮರ್ಯಾದೆಯ ಕೆಲಸ, ಅದಕ್ಕೂ ಇವರ ಬಾವುಟಕ್ಕೂ ಸಂಬಂಧವಿಲ್ಲ ಎಂದು ಆಕೆಯ ಲೆಕ್ಕ. ಹುಲ್ಲು ಸರಿಸಿ ಕೆಂಪಿನ ಕಟ್ಟು ಬಿಚ್ಚಿದಳು. ತುಂಬುವ ಸಸಿ ತಡವಾಗಿ ಬೇರು ಬಿಡುತ್ತದೆಂದು ಬುಡಕ್ಕೆ ನಾಲ್ಕು ಎಳೆ ಇಟ್ಟು, ಒಂದು ಬೆರಳು ಆಳ ಹೆಚ್ಚು ಒತ್ತಿ, ಬಿಳಿ ತಾಕುಗಳನ್ನೆಲ್ಲ ತುಂಬಿಸಿದಳು. ಮೊದಲ ಬಸ್ಸು ಬರುವ ಹೊತ್ತಿಗೆ ಗದ್ದೆ ಬಾಚಿದ ತಲೆಯ ಹಾಗಿತ್ತು.

ಭಾದ್ರಪದದ ಹೊತ್ತಿಗೆ ಅವಿನಾಶ ಬಂದು ಒಂದೊಂದು ತಾಕಿನಲ್ಲೂ ಬುಡಬುಡಕ್ಕೆ ಕೂತು, ಎಷ್ಟು ತೆಂಡೆ, ಅಂದರೆ ಬುಡದಿಂದ ಎಷ್ಟು ಕವಲು, ಒಡೆದಿದೆ ಎಂದು ಎಣಿಸಿದ. ಅಂಕಿ ಅನ್ನಪೂರ್ಣೇಶ್ವರಿಗೆ ಹೋಯಿತು. ಕೆಂಪಿಗೂ ಬಿಳಿಗೂ ವ್ಯತ್ಯಾಸವಿಲ್ಲ ಎಂದು ಅವಳು ತಿರುಗಿ ಬರೆದಳು. ಅವಿನಾಶನ ಮುಖ ಪ್ಲಾಸ್ಮಾ ಆಯಿತು. ಎರಡು ವರ್ಷದ ಕೆಲಸ, ಇದರ ಮೇಲೆ ನಿಂತ ನೌಕರಿ. ಯಂತ್ರ ತಪ್ಪುವುದಿಲ್ಲ, ಗಣಿತ ತಪ್ಪುವುದಿಲ್ಲ, ಹಾಗಾದರೆ ತಪ್ಪಿದವರು ಯಾರು? ಕೂಲಿಯವರು ಸಸಿ ಬೆರೆಸಿದ್ದಾರೆ ಎಂದು ಅವನೂ ರಂಗಪ್ಪನೂ ಒಂದೇ ಉಸಿರಿಗೆ ತೀರ್ಮಾನಿಸಿದರು. ಶಾಂತವೀರಪ್ಪನಿಗೆ ಹಬ್ಬವಾಯಿತು. ನಂಬಿಕೆಯ ಮೇಲೆ ಪ್ರಬಂಧ ಬರೆಯಲು ಬಂದವನಿಗೆ ಕೂತಲ್ಲಿಗೇ ಒಂದು ಅಪರಾಧ ಬಂದು ಬಿದ್ದಿತ್ತು.

ರಂಗಪ್ಪನ ಜಗಲಿಯಲ್ಲಿ ಒಂದು ಕುರ್ಚಿ, ಎದುರಿಗೆ ಮೂರು ಕಾಲಿನ ಮೇಲೆ ಕ್ಯಾಮೆರಾ. ಮೊದಲು ಸತ್ಯ ಹೇಳುವಾಗ ಮುಖ ಹೇಗಿರುತ್ತದೆ ಎಂದು ತಿಳಿಯಲು ಸುಲಭದ ಪ್ರಶ್ನೆ ಕೇಳಬೇಕಂತೆ.

“ನಿಮ್ಮ ಹೆಸರೇನಮ್ಮ?”

“ಗೊತ್ತಿಲ್ದೇ ಕರ್ಸಿದ್ರಾ?” ಎಂದಳು ಕರಿಯಕ್ಕ.

ಶಾಂತವೀರಪ್ಪ ಬರೆದುಕೊಂಡ. ನಾಟಿ ದಿನ ಕೆಂಪಿನ ಸಸಿಯನ್ನು ಬಿಳಿ ತಾಕಿಗೆ ನೆಟ್ಟಿರಾ ಎಂದು ಕೇಳಿದ. ಇಲ್ಲ ಎಂದಳು. ಅದನ್ನೇ ತಿರುಗಿಸಿ ಕೇಳಿದ, ಮಗುಚಿ ಕೇಳಿದ. ಇನ್ನೊಂದು ಸಲ ಕೇಳಿದರೆ ಕ್ಯಾಮೆರಾದ ಕಾಲು ಮೂರರಿಂದ ಎರಡಾಗುತ್ತದೆ ಎಂದಳು. ಆಕೆ ಕಣ್ಣು ತಪ್ಪಿಸಲಿಲ್ಲ. ರೆಪ್ಪೆಯನ್ನೂ ಬಡಿಯದೆ ನೋಡಿದ್ದಕ್ಕೆ ಆ ವಿಡಿಯೋದಲ್ಲಿ ಕರಿಯಕ್ಕನ ಮುಖ ಇರುವಲ್ಲಿ ಒಂದು ತೂತಿದೆ ಎನ್ನುತ್ತಾರೆ. ಉಳಿದವರನ್ನೂ ಒಬ್ಬೊಬ್ಬರಾಗಿ ಕೂರಿಸಿದ. ಎಲ್ಲರೂ ಒಂದೇ ವಾಕ್ಯ ಹೇಳಿದರು: “ನಾಟಿ ದಿನ ಯಾರೂ ಬೆರೆಸಿಲ್ಲ.” ಒಂಬತ್ತು ಬಾಯಲ್ಲಿ ಒಂದೇ ವಾಕ್ಯ ಬಂದರೆ ಅದು ಕಲಿಸಿದ್ದು ಎಂದು ಅವನ ಶಾಸ್ತ್ರ. ಬೇರೆ ಬೇರೆ ವಾಕ್ಯ ಬಂದಿದ್ದರೆ ಹೇಳಿಕೆ ತಾಳೆಯಾಗುತ್ತಿಲ್ಲ ಎಂದು ಬರೆಯುತ್ತಿದ್ದನೋ ಏನೋ.

ಕೊನೆಗೆ ಬಂದವಳು ರೇಖಾ, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಪಿಯುಸಿ ಓದಿದವಳು, ಕರಿಯಕ್ಕನ ತಂಗಿಯ ಸೊಸೆ. ಪ್ರಶ್ನೆ ಕೇಳಿ ಕೇಳಿ ಬೇಸತ್ತಿದ್ದ ಶಾಂತವೀರಪ್ಪ ಅವಳಿಗೆ ಮಾತ್ರ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿಬಿಟ್ಟ: ನಾಟಿ ಆದಮೇಲೆ ಆ ಗದ್ದೆಗೆ ಹೋಗಿದ್ದಿರಾ? ರೇಖಾ ಕಿಟಕಿಯ ಕಡೆ ನೋಡಿದಳು, ನೀರು ಕೇಳಿದಳು, ಇನ್ನೊಮ್ಮೆ ನೀರು ಕೇಳಿದಳು, ಇಲ್ಲ ಎಂದಳು. ಶಾಂತವೀರಪ್ಪನ ಪೆನ್ನು ಓಡಿದ ವೇಗಕ್ಕೆ ಕಾಗದ ಬಿಸಿಯಾಯಿತು.

ನಿಯಮದ ಪ್ರಕಾರ ರಂಗಪ್ಪನನ್ನೂ ಅವಿನಾಶನನ್ನೂ ಕೇಳಬೇಕಾಗಿತ್ತು; ಕೇಳಿದ. ರಂಗಪ್ಪ ಕಾಫಿ ತರಿಸಿ, ಕಾಲ ಮೇಲೆ ಕಾಲು ಹಾಕಿ, ಪಟ್ಟಿಯಲ್ಲಿದ್ದ ಹಾಗೆಯೇ ಬಾವುಟ ಊರಿಸಿದ್ದೇವೆ ಎಂದ. ಅವಿನಾಶನೂ ಅದನ್ನೇ ಹೇಳಿದ.

ವರದಿ ಬರುವವರೆಗೂ ರಂಗಪ್ಪ ಕಾಯಲಿಲ್ಲ. ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನ ಇರುವಾಗ, ಕರಿಯಕ್ಕನೂ ಇರುವಾಗ, ಆಕೆಯ ಕಡೆ ನೋಡದೆ ಗಾಳಿಗೆ ಹೇಳಿದ: “ಒಂಬತ್ತು ಹೆಂಗಸ್ರು, ಒಂಬತ್ತು ಸುಳ್ಳು. ಯಜಮಾನಿ ಹೇಳ್ಕೊಟ್ಟದ್ದು.”

ಕರಿಯಕ್ಕ ಬೈದಳು. ಬಸ್ಸು ಬಂದು ನಿಂತದ್ದು ಹೊರಡಲಿಲ್ಲ. ಕಂಡಕ್ಟರು ಸೀಟಿ ಊದಿದರೂ ಸದ್ದು ಹೊರಬರಲಿಲ್ಲ. ಆದರೆ ಅಂದು ಮೊದಲ ಬಾರಿಗೆ ಯಾರೂ ಆಕೆಯ ಬೈಗುಳಕ್ಕೆ ನಗಲಿಲ್ಲ, ಹೆದರಲೂ ಇಲ್ಲ. ಹತ್ತು ಜನವೂ ಆಕೆಯ ಬಾಯಿ ನೋಡುವುದು ಬಿಟ್ಟು ಕೈ ನೋಡುತ್ತಿದ್ದರು. ವಾರದೊಳಗೆ ನರಸಿಂಹರಾಜಪುರದ ಕಡೆಯ ಮೂವರು ಫೋನು ಮಾಡಿ ಬರುವ ವರ್ಷ ಬೇರೆ ವ್ಯವಸ್ಥೆ ಆಗಿದೆ ಎಂದರು. ನಾಟಿಗೆ ಇನ್ನೂ ಒಂಬತ್ತು ತಿಂಗಳಿತ್ತು.

ಎಂಟನೆಯ ದಿನದ ಮಾತು ಹೇಳಿದರೆ ಸುಳ್ಳಿನ ಕಳಂಕ ತೊಳೆದುಹೋಗುತ್ತದೆ, ಹೆಸರು ಹೋಗುತ್ತದೆ. ಹೇಳದಿದ್ದರೆ ಹೆಸರು ಇರುತ್ತದೆ, ಸುಳ್ಳಿಯೆಂಬ ಪಟ್ಟದ ಜೊತೆಗೆ. ಕರಿಯಕ್ಕ ಮೂರು ವಾರ ಬಾಯಿ ಮುಚ್ಚಿದಳು. ಆಕೆಯ ಅಕ್ಕಪಕ್ಕದ ಮನೆಯವರು ಅಷ್ಟು ವರ್ಷದಲ್ಲಿ ಮೊದಲ ಸಲ ಗಡಿಯಾರದ ಟಿಕ್‌ಟಿಕ್ ಕೇಳಿದರು.

ಬಾಯಿ ಬಿಟ್ಟವಳು ರೇಖಾ. ವರದಿಯಲ್ಲಿ ತನ್ನ ಹೆಸರು ಬಂದಿದೆ ಎಂದು ಯಾರಿಂದಲೋ ಅವಳಿಗೆ ತಿಳಿದಿತ್ತು. ನಾಟಿ ಇಲ್ಲದಾಗ ತಂಡ ಕೂಲಿಗೆ ಹೋಗುವ ಎಸ್ಟೇಟಿನಿಂದ ಜೀಪಿನಲ್ಲಿ ಬರುವಾಗ ಎಲ್ಲರೆದುರಿಗೇ ಕೇಳಿದಳು.

“ದೊಡ್ಡತ್ತೆ, ಆ ಕುರ್ಚಿ ಮೇಲೆ ನಾನು ಹೇಳಿದ್ದು ಸುಳ್ಳಾ ಅಲ್ವಾ?”

“ನಾನು ಹೇಳು ಅಂದದ್ದು ಹೇಳಿದ್ದೀಯ.”

“ಸುಳ್ಳಾ ಅಲ್ವಾ ಕೇಳಿದ್ದು.”

ಕರಿಯಕ್ಕ ಎಲೆಗೆ ಸುಣ್ಣ ಹಚ್ಚತೊಡಗಿದಳು.

“ನಿಮ್ಮ ಹೆಸ್ರು ಬೆಳೆಯೋಕೆ ನನ್ನ ಮರ್ಯಾದೆ ಯಾಕೆ ಗೊಬ್ಬರ ಆಗ್ಬೇಕು?” ಎಂದಳು ರೇಖಾ. “ನಾಳೆ ನಾನೇ ಹೋಗಿ ಹೇಳ್ತೀನಿ, ತಡೀರಿ ಬೇಕಾದ್ರೆ.”

“ಹೇಳಿ ನೋಡು, ನಾಲಿಗೆ ಕಿತ್ತು ಬದುವಿಗೆ ನೆಡ್ತೀನಿ,” ಎಂದಳು ಕರಿಯಕ್ಕ. ರೇಖಾ ಅರ್ಧ ದಾರಿಯಲ್ಲೇ ಜೀಪು ನಿಲ್ಲಿಸಿ ಇಳಿದು ನಡೆದು ಹೋದಳು. ಅದಾದ ಮೇಲೆ ತಂಡ ಎರಡಾಯಿತು. ನಾಲ್ಕು ಜನ ಕರಿಯಕ್ಕನ ಜೊತೆ ಮಾತಾಡುವುದು ಬಿಟ್ಟರು. ಮಿಕ್ಕ ನಾಲ್ವರು ಮಾತಾಡುತ್ತಿದ್ದರು, ಆದರೆ ಮಾತಾಡದಿದ್ದರೇ ಒಳ್ಳೆಯದಿತ್ತು.

ಆಶ್ವೀಜದಲ್ಲಿ, ಭತ್ತ ಹೊಡೆ ತುಂಬಿ ತೆನೆ ಇಣುಕುವ ಹೊತ್ತಿಗೆ, ರಂಗಪ್ಪನ ಅಂಗಳದಲ್ಲಿ ಸಭೆ. ಅಕ್ಕಪಕ್ಕದ ಗದ್ದೆಯವರೆಲ್ಲ ಬಂದಿದ್ದರು. ಇನ್ನೊಬ್ಬರ ಮಾನ ಹೋಗುವುದನ್ನು ನೋಡಲು ನಮ್ಮವರು ಎಂಥ ಕೆಲಸವಿದ್ದರೂ ಬಿಟ್ಟು ಬರುತ್ತಾರೆ. ಅನ್ನಪೂರ್ಣೇಶ್ವರಿ ಅಂದು ಮೊದಲ ಬಾರಿ ಬಂದಿದ್ದಳು. ಕೋಲಿನಂತಹ ಹೆಂಗಸು, ನಗು ಎಂಬುದು ಅವಳ ಲೆಕ್ಕದಲ್ಲಿ ಇನ್ನೂ ಸಾಬೀತಾಗದ ಸಂಗತಿ. ಅವಿನಾಶ ಕುರ್ಚಿ ತೋರಿಸಿದರೂ ಕೂರಲಿಲ್ಲ.

ಅವಳು ಹೇಳಿದ್ದು ಇಷ್ಟು. ಕೆಂಪು ತಾಕುಗಳಲ್ಲಿ ಬುಡಕ್ಕೆ ಎಷ್ಟು ತೆಂಡೆ ಎಂದು ಗೆರೆ ಎಳೆದರೆ ಒಂದೇ ಗುಡ್ಡ ಬರುತ್ತದೆ. ಬಿಳಿ ತಾಕುಗಳಲ್ಲಿ ಎರಡು ಗುಡ್ಡ. ಅಂದರೆ ಬಿಳಿಯಲ್ಲಿ ಎರಡು ಜಾತಿಯ ಬುಡಗಳಿವೆ: ಬಡಕಲಿನವು ಕೆಲವು, ಬಲವಾದವು ಕೆಲವು. ಹೊರಗಿನಿಂದ ಬಂದ ಬಲವಾದ ಬುಡಗಳು ಸುಮಾರು ನಾನೂರು ಇರಬೇಕು. ಗದ್ದೆ ನೋಡದೆಯೇ, ದೂರದ ಕೋಣೆಯಲ್ಲಿ ಕೂತು, ಬರೀ ಅಂಕಿಯಿಂದ ಇದನ್ನು ಹೇಳಿದಳೆಂದು ಜನ ಬೆರಗಾದರು. ಕರಿಯಕ್ಕ ಮಾತ್ರ ಬೆರಗಾಗಲಿಲ್ಲ, ಬೆವೆತಳು.

“ನೋಡಿ, ಆ ನಾನೂರೂ ನನ್ನ ಪ್ಲಾಸ್ಮಾ ಸಸಿ,” ಎಂದ ಅವಿನಾಶ. ಅವನ ಮುಖಕ್ಕೆ ಮೊದಲ ಬಾರಿ ರಕ್ತ ಬಂತು. “ಬಲ ಹೆಚ್ಚಿರೋದು ಅದಕ್ಕೇ. ಪ್ರಯೋಗ ಗೆದ್ದಿದೆ, ಕೆಡಿಸಿದ್ದು ಇವರು.”

ಶಾಂತವೀರಪ್ಪ ಎದ್ದು ವರದಿ ಓದಿದ. ಊರವರಿಗೆ ತಿಳಿಯಲೆಂದು ಕನ್ನಡದಲ್ಲೇ ಮಾಡಿಸಿ ತಂದಿದ್ದ. ಒಂಬತ್ತು ಜನರಲ್ಲಿ ಎಂಟು ಜನ ಕಲಿಸಿದ ಮಾತು ಒಪ್ಪಿಸಿದ್ದಾರೆ. ರೇಖಾ ಎಂಬಾಕೆಯ ನಡವಳಿಕೆ ಸ್ಪಷ್ಟವಾಗಿ ಸುಳ್ಳಿನದು. ಸಸಿ ಬೆರೆಸಿದ್ದರಲ್ಲಿ ಆಕೆಯ ಕೈವಾಡವೇ ಮುಖ್ಯ ಎಂದು ಊಹಿಸಬಹುದು. ರೇಖಾಳ ಅತ್ತೆ, ಅಂದರೆ ಕರಿಯಕ್ಕನ ತಂಗಿ, ಅಂಗಳದ ಅಂಚಿನಲ್ಲಿ ನಿಂತಿದ್ದವಳು ಸೆರಗು ಬಾಯಿಗಿಟ್ಟುಕೊಂಡಳು. ರೇಖಾ ಅಳಲಿಲ್ಲ. ನೇರ ಕರಿಯಕ್ಕನ ಮುಖ ನೋಡಿದಳು, ಅಷ್ಟೇ.

“ಇವ್ಳನ್ನ ಮೊದ್ಲು ತಂಡದಿಂದ ಓಡ್ಸು, ಆಮೇಲೆ ನನ್ನ ಗದ್ದೆ ಮಾತು,” ಎಂದ ರಂಗಪ್ಪ ಕರಿಯಕ್ಕನಿಗೆ.

ಕರಿಯಕ್ಕ ಎದ್ದಳು. ಅಂಗಳ ದಾಟಿ ಗದ್ದೆಯ ಕಡೆ ನಡೆದಳು. ಓಡಿಹೋಗುತ್ತಿದ್ದಾಳೆ ಎಂದು ಯಾರೋ ನಕ್ಕರು. ಬದುವಿನ ಮೇಲೆ ನಿಂತು ಸೀರೆ ಎತ್ತಿ ಕಟ್ಟಿದಳು. ಮೊದಲ ಬಿಳಿ ತಾಕಿಗಿಳಿದು, ಕಾಲಿನ ಹೆಬ್ಬೆರಳಿನಿಂದ ನಾಲ್ಕೆಳೆಯ ದಪ್ಪ ಬುಡ ತಡವಿ ಹುಡುಕುತ್ತ ಎರಡು ಸಾಲು ನಡೆದು, ಬಾಗಿ, ತೆನೆ ಇಣುಕಿದ್ದ ಒಂದು ಬುಡವನ್ನು ಬೇರು ಸಮೇತ ಕಿತ್ತು ಬದುವಿಗೆ ಎಸೆದಳು. ಇನ್ನೆರಡು ಹೆಜ್ಜೆ, ಇನ್ನೊಂದು.

“ಏ, ಹುಚ್ಚು ಹಿಡೀತೇನೆ ನಿಂಗೆ? ನನ್ನ ಭತ್ತ!” ರಂಗಪ್ಪ ಓಡಿ ಬಂದ. ಮೀಸೆ ಹಿಂದೆ ಉಳಿದುಬಿಟ್ಟಿತು, ಅಷ್ಟು ವೇಗ.

“ನಿಂದಲ್ಲ ಗೌಡ, ನಂದು,” ಎಂದಳು ಕರಿಯಕ್ಕ. ಮೂವತ್ತು ವರ್ಷದಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. “ಎಂಟನೇ ದಿನ ನಾನು ತುಂಬಿದ್ದು. ನಾಟಿ ದಿನ ಬೆರೆಸಿಲ್ಲ ಅಂದೆ, ಬೆರೆಸಿಲ್ಲ. ಎಂಟನೇ ದಿನದ್ದು ನನ್ನ ಯಾರೂ ಕೇಳಿಲ್ಲ, ನಾನು ಹೇಳಿಲ್ಲ. ಈ ಕೂಸು ಹೇಳಿದ ಸುಳ್ಳು ನಾನು ಹೇಳ್ಸಿದ್ದು. ಬರ್ಕೊಳ್ಳಿ ಸಾರ್, ಪೆನ್ನು ಇದ್ಯಲ್ಲ.”

ಹಾಗಾದರೆ ನಿನ್ನ ಸಸಿಯೂ ಸಾಯುತ್ತದಾ ಎಂದು ಬದುವಿನ ಮೇಲಿನಿಂದ ಯಾರೋ ಕೇಳಿದರು. ವ್ಯಂಗ್ಯ ಮಾಡಲು ಮೂವತ್ತು ವರ್ಷ ಕಾದವರ ದನಿ ಅದು.

“ಸಾಯ್ತದೆ,” ಎಂದಳು. “ನಿಮ್ಮ ಗದ್ದೇಲೂ ಸತ್ತಿತ್ತು, ತುಂಬಿದ್ದೆ. ಮೂರು ತಾಲ್ಲೂಕಲ್ಲಿ ನಾನು ತುಂಬದ ಗದ್ದೆ ಇಲ್ಲ.”

ಆಕೆ ಕೀಳುತ್ತ ಹೋದಳು. ಸ್ವಲ್ಪ ಹೊತ್ತಿಗೆ ರೇಖಾ ಸೀರೆ ಕಟ್ಟಿ ಇಳಿದಳು. ಕರಿಯಕ್ಕನ ಪಕ್ಕಕ್ಕೆ ಹೋಗಲಿಲ್ಲ, ತನ್ನ ಪಾಡಿಗೆ ಎರಡನೆಯ ತಾಕಿಗೆ ಇಳಿದಳು. ಉಳಿದ ಏಳು ಮಂದಿಯೂ ಇಳಿದರು. ಒಬ್ಬರು ಇನ್ನೊಬ್ಬರ ಮುಖ ನೋಡದೆ, ಒಂದು ಬುಡವೂ ತಪ್ಪದೆ, ಕಾಲಿನಲ್ಲಿ ತಡವಿ ತಡವಿ ಕಿತ್ತರು. ಅನ್ನಪೂರ್ಣೇಶ್ವರಿ ಬೂಟು ಬಿಚ್ಚಿಟ್ಟು ಬದುವಿನ ಮೇಲೆ ಕೂತು ಬಿದ್ದದ್ದನ್ನೆಲ್ಲ ಎಣಿಸಿದಳು. ನಾನೂರ ಮೂವತ್ತೊಂದು. ಕೆಲವನ್ನು ಬಿಡಿಸಿಯೂ ನೋಡಿದಳು.

“ಇವು ದಪ್ಪ ಬಂದದ್ದು ಯಾಕೆ, ಹೇಳ್ತೀರಾ?” ಎಂದು ಕರಿಯಕ್ಕನನ್ನು ಕೇಳಿದಳು.

“ಎರಡೆಳೆ ನೆಟ್ಟಲ್ಲಿ ಎರಡರಷ್ಟು ಬರ್ತದೆ, ನಾಕೆಳೆ ನೆಟ್ಟಲ್ಲಿ ನಾಕರಷ್ಟು. ತುಂಬೋವಾಗ ನಾಕು ಹಾಕ್ತೀವಿ. ನಿಮ್ಮ ಬೆಳಕು ಕುಡ್ಸಿದ್ದಕ್ಕಲ್ಲ ಅಮ್ಮ.”

ಅವಿನಾಶ ಅಲ್ಲೇ ಬದುವಿನ ಮೇಲೆ ಕುಕ್ಕರಿ ಕೂತುಬಿಟ್ಟ. ಅನ್ನಪೂರ್ಣೇಶ್ವರಿ ಅವನ ಕಡೆ ನೋಡುತ್ತಿರಲಿಲ್ಲ, ಗದ್ದೆ ನೋಡುತ್ತಿದ್ದಳು. ಬಿಳಿ ತಾಕುಗಳು ಈಗ ಮಾರ್ಗಕ್ಕೆ ಮುಖಮಾಡಿ ಹಲ್ಲುದುರಿಸಿಕೊಂಡು ನಿಂತಿದ್ದವು, ಆರೂ ಒಂದೇ ಕಡೆ, ಆರೂ ಕೆಳಗೆ, ಸಂದುಗಳಲ್ಲಿ ನೀರು ಹೊಳೆಯುತ್ತ. ಅವಳು ಫೋನು ತೆಗೆದು ತಾನು ಕಳಿಸಿದ ಪಟ್ಟಿ ನೋಡಿದಳು, ಗದ್ದೆ ನೋಡಿದಳು, ಮತ್ತೆ ಪಟ್ಟಿ ನೋಡಿದಳು.

“ಅವಿನಾಶ್, ನನ್ನ ಪಟ್ಟಿಯಲ್ಲಿ ಮೊದಲನೇ ತಾಕು ಬಿಳಿ. ಇಲ್ಲಿ ಕೆಂಪು ಇದೆ. ಮೂರನೆಯದು, ಆರನೆಯದು... ಇದು ನನ್ನ ಪಟ್ಟಿಯೇ ಅಲ್ಲ.”

ಅವಿನಾಶ ರಂಗಪ್ಪನನ್ನು ನೋಡಿದ. ಒಳ್ಳೆಯ ಗದ್ದೆಗೆ ಮಂಕು ಸಸಿ ಹಾಕಿ ಹಾಳುಮಾಡುವುದೇಕೆಂದು ತಾನು ಸುಮ್ಮನೆ ಹೇಳಿದ್ದು, ಒಪ್ಪಿದ್ದು ಇವರೇ ಎಂದ ರಂಗಪ್ಪ. ಇಲ್ಲದಿದ್ದರೆ ಗದ್ದೆಯನ್ನೇ ಕೊಡುವುದಿಲ್ಲ ಎಂದು ಗೌಡರು ಹೇಳಿದ್ದಕ್ಕೆ ಒಪ್ಪಿದ್ದು ಎಂದ ಅವಿನಾಶ. ಇಬ್ಬರೂ ಒಬ್ಬರ ಮೇಲೊಬ್ಬರು ಏರಿಹೋದ ರೀತಿಗೆ ಮಾರ್ಗದಲ್ಲಿ ಹೋಗುತ್ತಿದ್ದ ಬಸ್ಸು ನಿಂತು, ಜನ ಇಳಿದು, ಟಿಕೆಟ್ಟು ತೆಗೆದುಕೊಂಡ ಊರು ಮರೆತು ನೋಡತೊಡಗಿದರು.

ಕರಿಯಕ್ಕ ಕಾಲುವೆಯಲ್ಲಿ ಕೈ ತೊಳೆಯುತ್ತ ಶಾಂತವೀರಪ್ಪನನ್ನು ಕರೆದಳು.

“ಸಾರ್, ಇವರಿಬ್ರನ್ನೂ ಆ ಕುರ್ಚಿ ಮೇಲೆ ಕೂರ್ಸಿದ್ರಲ್ಲ. ಇವರ ಹೆಸರ ಮುಂದೆ ಎಂತ ಬರ್ದೀರಿ?”

ರೇಖಾ ಅವನ ಕಂಕುಳಲ್ಲಿದ್ದ ಫೈಲನ್ನು ಎಳೆದುಕೊಂಡು, ಕೆಸರು ಕೈಯಲ್ಲೇ ಹಾಳೆ ಮಗುಚಿ, ಎಲ್ಲರಿಗೂ ಕೇಳುವಂತೆ ಓದಿದಳು: “ಶಾಂತ ಸ್ವಭಾವ. ಸಂಪೂರ್ಣ ನಂಬಲರ್ಹ.”

ಹಾಳೆಯ ಮೇಲೆ ಅವಳ ಹೆಬ್ಬೆರಳಿನ ಕೆಸರು ಉಳಿಯಿತು.

ಅಲ್ಲಿಗೆ ಆ ವರ್ಷದ ವಿಜ್ಞಾನ ಮುಗಿಯಿತು. ಪ್ಲಾಸ್ಮಾ ಗೆದ್ದಿತೋ ಸೋತಿತೋ ಆ ಗದ್ದೆಯಿಂದ ಹೇಳಲಾಗದು ಎಂದು ಅನ್ನಪೂರ್ಣೇಶ್ವರಿ ಎರಡೇ ಸಾಲು ಬರೆದು ಹಾಕಿ, ಜೊತೆಗಾರರಿಬ್ಬರ ಹೆಸರಿನ ಪಕ್ಕ ತನ್ನ ಹೆಸರು ಬೇಡವೆಂದಳಂತೆ. ಶಾಂತವೀರಪ್ಪ ಹೊಸ ವರದಿ ಬರೆದ. ಅದರಲ್ಲೂ ಕರಿಯಕ್ಕ ‘ಸಂಶಯಾಸ್ಪದ’, ಏಕೆಂದರೆ ಸಿಟ್ಟಿನಲ್ಲಿ ಹೇಳಿದ ಸತ್ಯ ಅವನ ಶಾಸ್ತ್ರದ ಯಾವ ಖಾನೆಗೂ ಬರುವುದಿಲ್ಲ. ರಂಗಪ್ಪನ ಬೋರ್ಡು ಬರಲೇ ಇಲ್ಲ. ಈ ವರ್ಷ ಅವನು ನಾಟಿಗೆ ಯಂತ್ರ ತರಿಸಿದ, ಅದು ಜವಳಿನಲ್ಲಿ ಹೂತು ಈಗ ಹೊಗೆ ಕೊಳವೆ ಮಾತ್ರ ಕಾಣುತ್ತದೆ, ಅದರ ಮೇಲೆ ಕೊಕ್ಕರೆ ಸಂಸಾರ ಹೂಡಿದೆ.

ಕರಿಯಕ್ಕನನ್ನು ಯಾರೂ ಹೊಗಳಲಿಲ್ಲ. ಅರ್ಧಕ್ಕರ್ಧ ಗದ್ದೆಯವರು ಮೋಸವಾಯಿತೆಂದು ಬಿಟ್ಟರು. ಮೂವತ್ತು ವರ್ಷ ಧರ್ಮಕ್ಕೆ ಗದ್ದೆ ತುಂಬಿಸಿಕೊಂಡವರಿಗೆ ಎಲ್ಲಿ ಮೋಸವಾಯಿತೋ ನನಗಿನ್ನೂ ತಿಳಿದಿಲ್ಲ. ರೇಖಾ ನಾಲ್ವರನ್ನು ಕಟ್ಟಿಕೊಂಡು ಬೇರೆ ತಂಡ ಮಾಡಿದಳು. ದಾರಿಯಲ್ಲಿ ಎದುರಾದರೆ ದೊಡ್ಡತ್ತೆಯನ್ನು ಮಾತಾಡಿಸುತ್ತಾಳೆ, ನಿಲ್ಲುವುದಿಲ್ಲ.

ಉಳಿದ ಗದ್ದೆಗಳಿಗೆ ಕರಿಯಕ್ಕ ಈಗ ಎರಡು ಸಲ ಹೋಗುತ್ತಾಳೆ, ನಾಟಿ ದಿನ ಒಮ್ಮೆ, ಎಂಟನೆಯ ದಿನ ಒಮ್ಮೆ, ಹತ್ತು ಗಂಟೆಯ ಬಿಸಿಲಿನಲ್ಲಿ, ಎಲ್ಲರೂ ನೋಡುವಾಗ. ಮೊನ್ನೆ ಶೃಂಗೇರಿ ಕಡೆಯ ಹೊಸಬನೊಬ್ಬ ಫೋನು ಮಾಡಿ, ನೀವು ನೆಟ್ಟ ಸಸಿ ಸಾಯುವುದಿಲ್ಲವಂತೆ ಹೌದಾ ಎಂದು ಕೇಳಿದ. ಹಳೆಯ ಸುದ್ದಿ ಅವನಿಗೆ ತಡವಾಗಿ ತಲುಪಿರಬೇಕು.

“ಯಾರು ಹೇಳಿದ್ದು?” ಎಂದಳು ಕರಿಯಕ್ಕ. “ಸಾಯ್ತದೆ. ನೂರಕ್ಕೆ ಎರಡು ಮೂರು ಸಾಯ್ತದೆ, ಜವಳಾದ್ರೆ ಹತ್ತೂ ಸಾಯ್ತದೆ. ಎಂಟನೇ ದಿನ ಬಂದು ತುಂಬ್ತೀವಿ, ಆ ದಿನದ ಕೂಲಿ ಬೇರೆ. ಬೇಕಾದ್ರೆ ದಿನ ಹೇಳಿ, ಬ್ಯಾಡದಿದ್ರೆ ಫೋನ್ ಇಡಿ.”